ಕಪ್ಪು ಗೊಂಬೆ, ಕಪ್ಪು ವೇಷ: ಒಂದು ವಿಮರ್ಶೆ

ಪುರಾತನ ವಸ್ತುಗಳ ಸಂಗ್ರಹವು ನಮ್ಮ ಉಡುಪಿ ಸೀಮೆಯಲ್ಲಿ ಈಗ ಗೌರವದ ಹವ್ಯಾಸವಾಗಿ ಬೆಳೆದಿದೆ. ಬೀಡು, ಗುತ್ತುಗಳ ಕೆತ್ತನೆಯ ಕಂಬಗಳು, ಹಿತ್ತಾಳೆಯ ದೀಪಗಳು, ಮರದ ಮೂರ್ತಿಗಳು ಹೊಸ ಮನೆಗಳ ಚಾವಡಿಯನ್ನು ಅಲಂಕರಿಸುತ್ತಿವೆ. ದಿವಂಗತ ವಿಜಯನಾಥ ಶೆಣೈ ಅವರು ಹರ್ಕೂರು, ಮಿಯಾರು ಮೊದಲಾದ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ ಸಾಹಸವು ನಮಗೆಲ್ಲ ಒಂದು ಪಾಠವನ್ನು ಕಲಿಸಿದೆ. ವಸ್ತುವನ್ನು ಉಳಿಸುವುದೆಂದರೆ ಅದರೊಡನೆ ಅದರ ಕಥೆಯನ್ನೂ ಉಳಿಸುವುದು ಎಂಬುದೇ ಆ ಪಾಠ. ಕಥೆಯು ಹೆಮ್ಮೆಯದಾಗಿದ್ದರೆ ಇದು ಸುಲಭ. ವಸ್ತುವಿನ ಹಿಂದಿರುವ ಕಥೆಯು ಅವಮಾನದ್ದಾಗಿದ್ದರೆ ಸಂಗ್ರಾಹಕನು ಏನು ಮಾಡಬೇಕು? ಅದನ್ನು ಕಪಾಟಿನಲ್ಲಿಡಬೇಕೆ, ಒಲೆಗೆ ಹಾಕಬೇಕೆ, ಮಾರಬೇಕೆ? ಪಾಶ್ಚಾತ್ಯ ದೇಶಗಳಲ್ಲಿ ಕಪ್ಪು ಗೊಂಬೆಗಳ ಸಂಗ್ರಹದ ಸುತ್ತ ಎದ್ದಿರುವ ಈ ಪ್ರಶ್ನೆಯು ನಮ್ಮ ಮನೆಗಳಿಗೂ ಬಸದಿಗಳಿಗೂ ಸಂಬಂಧಿಸಿದ್ದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಅಲ್ಲಿಯ ಸಂಗತಿಯನ್ನು ನೋಡೋಣ. 1895ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಮಕ್ಕಳ ಪುಸ್ತಕವೊಂದರಲ್ಲಿ ಫ್ಲಾರೆನ್ಸ್ ಕೇಟ್ ಅಪ್ಟನ್ ಎಂಬ ಚಿತ್ರಗಾರ್ತಿಯು ‘ಗಾಲಿವಾಗ್’ ಎಂಬ ಪಾತ್ರವನ್ನು ಚಿತ್ರಿಸಿದರು. ಮಸಿಯಂತಹ ಮುಖ, ಬಿಳಿಯ ಅಂಚಿನ ದುಂಡು ಕಣ್ಣು, ದಪ್ಪನೆಯ ಕೆಂಪು ತುಟಿ, ಕೆದರಿದ ಕೂದಲು ಅದರ ಲಕ್ಷಣ. ಕಥೆಯಲ್ಲಿ ಆ ಪಾತ್ರವು ಸಜ್ಜನನೇ. ಆದರೆ ಅದರ ರೂಪವು ಎಲ್ಲಿಂದ ಬಂದಿತು? ಅಪ್ಟನ್ ಅವರು ಅಮೆರಿಕದ ಬಾಲ್ಯದಲ್ಲಿ ಆಡಿದ್ದ ಬಟ್ಟೆಯ ಗೊಂಬೆಯೊಂದರಿಂದ ಬಂದಿತು. ಆ ಬಗೆಯ ಗೊಂಬೆಗಳಿಗೆ ಮಾದರಿಯಾದವು ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ‘ಮಿನ್‌ಸ್ಟ್ರೆಲ್’ ಎಂಬ ನಗೆಯಾಟಗಳು. ಅಣಕವು ಹೀಗೆ ಆಟಿಕೆಯಾಯಿತು, ಆಟಿಕೆಯು ವ್ಯಾಪಾರದ ಮುದ್ರೆಯಾಯಿತು. ಬ್ರಿಟನ್ನಿನ ರಾಬರ್ಟ್‌ಸನ್ ಎಂಬ ಜಾಮ್ ತಯಾರಕರು ಸುಮಾರು 90 ವರ್ಷಗಳ ಕಾಲ ಈ ರೂಪವನ್ನು ತಮ್ಮ ಸೀಸೆಗಳ ಮೇಲೆ ಮುದ್ರಿಸಿದರು. ಕೈಬಿಡುವ ನಿರ್ಧಾರವನ್ನು ಪ್ರಕಟಿಸಿದ್ದು 2001ರಲ್ಲಿ. ವಾದವು ಅಲ್ಲಿಗೂ ಮುಗಿಯಲಿಲ್ಲ. 2023ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಪಾನಗೃಹವೊಂದರಲ್ಲಿ ಪ್ರದರ್ಶಿಸಿದ್ದ ಇಂತಹ ಗೊಂಬೆಗಳನ್ನು ಪೊಲೀಸರು ವಶಪಡಿಸಿಕೊಂಡಾಗ, “ಇದು ನಮ್ಮ ಬಾಲ್ಯದ ಪ್ರೀತಿಯ ಆಟಿಕೆ” ಎಂಬ ಪಕ್ಷವೂ “ಇದು ನಮ್ಮನ್ನು ಕೆಣಕುವ ರೂಪ” ಎಂಬ ಪಕ್ಷವೂ ಎದುರುಬದುರಾದವು. ಎರಡು ಪಕ್ಷಗಳೂ ತಮ್ಮ ಅನುಭವಕ್ಕೆ ಸತ್ಯವಾಗಿಯೇ ಮಾತನಾಡಿದವು ಎಂಬುದೇ ಇಲ್ಲಿಯ ಕಷ್ಟ. ಒಬ್ಬನ ಸವಿನೆನಪು ಇನ್ನೊಬ್ಬನ ಗಾಯವಾಗಬಲ್ಲದು.

ಇಷ್ಟನ್ನೇ ಓದಿ ಕಪ್ಪು ಗೊಂಬೆಗಳೆಲ್ಲ ದೋಷಯುಕ್ತವೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಪಾದೀತು. ಅಮೆರಿಕದ ಡೆಬೊರಾ ನೆಫ್ ಎಂಬ ವಕೀಲರು 1840ರಿಂದ 1940ರವರೆಗಿನ ಅವಧಿಯ ಕೈಹೊಲಿಗೆಯ ಕಪ್ಪು ಗೊಂಬೆಗಳನ್ನು ಸಂಗ್ರಹಿಸಿದರು. ಇವುಗಳಲ್ಲಿ ಹೆಚ್ಚಿನವನ್ನು ಹೊಲಿದವರು ಆಫ್ರಿಕಾ ಮೂಲದ ಹೆಣ್ಣುಮಕ್ಕಳೆಂದು ಬಲ್ಲವರು ತಿಳಿಯುತ್ತಾರೆ. ಹರಕು ಬಟ್ಟೆ, ಹಳೆಯ ಗುಂಡಿ, ಉಳಿದ ನೂಲು ಇಷ್ಟೇ ಸಾಮಗ್ರಿ; ಆದರೆ ಒಂದೊಂದು ಮುಖವೂ ಬೇರೆ, ಒಂದೊಂದಕ್ಕೂ ತನ್ನದೇ ಗಾಂಭೀರ್ಯ. 2018ರಲ್ಲಿ ಪ್ಯಾರಿಸಿನಲ್ಲಿ, 2022ರಲ್ಲಿ ನ್ಯೂಯಾರ್ಕಿನ ಇತಿಹಾಸ ಸಂಸ್ಥೆಯಲ್ಲಿ ಅವು ಪ್ರದರ್ಶಿತವಾದಾಗ ಕಪ್ಪು ಗೊಂಬೆಯನ್ನು ಜನರು ಕಲೆಯಾಗಿಯೂ ಮಮತೆಯ ದಾಖಲೆಯಾಗಿಯೂ ನೋಡಿದರು. ಗಾಲಿವಾಗ್‌ನ ಬಣ್ಣವೂ ಇವುಗಳ ಬಣ್ಣವೂ ಒಂದೇ. ಅಲ್ಲಿ ಮುಖಗಳೆಲ್ಲ ಒಂದೇ ಅಚ್ಚು, ಇಲ್ಲಿ ಪ್ರತಿಯೊಂದೂ ಒಬ್ಬ ವ್ಯಕ್ತಿ. ಅಣಕದ ಮೊದಲ ಗುರುತು ಇದೇ ಎಂದು ನನಗೆ ತೋರುತ್ತದೆ: ಅದು ವ್ಯಕ್ತಿಯನ್ನು ಅಳಿಸಿ ಜಾತಿಯೊಂದರ ಅಚ್ಚನ್ನು ಮಾತ್ರ ಉಳಿಸುತ್ತದೆ.

ಗೊಂಬೆಯೆಂದರೆ ಮಕ್ಕಳ ಆಟ, ಅದಕ್ಕಿಷ್ಟು ವಿಚಾರವೇಕೆ ಎಂದು ಕೇಳುವವರು ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿಗಳ ಪರೀಕ್ಷೆಯನ್ನು ತಿಳಿಯಬೇಕು. 1940ರ ದಶಕದಲ್ಲಿ ಅವರು 3ರಿಂದ 7 ವರ್ಷ ವಯಸ್ಸಿನ 253 ಕಪ್ಪು ಮಕ್ಕಳ ಮುಂದೆ, ಬಣ್ಣವೊಂದನ್ನುಳಿದು ಮಿಕ್ಕೆಲ್ಲದರಲ್ಲಿ ಒಂದೇ ತೆರನಾದ ಬಿಳಿಯ ಮತ್ತು ಕಂದು ಗೊಂಬೆಗಳನ್ನಿಟ್ಟು ಪ್ರಶ್ನಿಸಿದರು. ಬಹುಪಾಲು ಮಕ್ಕಳು ಬಿಳಿಯ ಗೊಂಬೆಯೇ ಒಳ್ಳೆಯದೆಂದು ಆರಿಸಿದರು. “ನಿನ್ನಂತಿರುವ ಗೊಂಬೆ ಯಾವುದು” ಎಂಬ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ವರ್ಣಭೇದವು ಅಸಾಂವಿಧಾನಿಕವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ನೀಡಿದ ತೀರ್ಪಿನಲ್ಲಿ ಕ್ಲಾರ್ಕ್ ಅವರ ಅಧ್ಯಯನವೂ ಉಲ್ಲೇಖಗೊಂಡಿತು. 1968ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಪ್ಪು ಜನರೇ ಆರಂಭಿಸಿದ ಶಿಂಡಾನಾ ಎಂಬ ಆಟಿಕೆಯ ಕಾರ್ಖಾನೆಯು ‘ಬೇಬಿ ನ್ಯಾನ್ಸಿ’ ಎಂಬ ಗೊಂಬೆಯನ್ನು ಹೊರತಂದಿತು. ಬಿಳಿಯ ಗೊಂಬೆಗೆ ಕಪ್ಪು ಬಣ್ಣ ಬಳಿಯದೆ, ಕಪ್ಪು ಮಗುವಿನ ಮುಖವನ್ನೇ ಮಾದರಿಯಾಗಿಟ್ಟುಕೊಂಡು. ವರ್ತಕನಾದ ನನಗೆ ಈ ಸಂಗತಿಯು ವಿಶೇಷವಾಗಿ ಮೆಚ್ಚುಗೆಯಾಗುತ್ತದೆ. ಮಾರುಕಟ್ಟೆಯು ಅಣಕವನ್ನು ಮಾರಬಲ್ಲಂತೆ ಮರ್ಯಾದೆಯನ್ನೂ ಮಾರಬಲ್ಲದು.

ಇನ್ನು ಅವಮಾನದ ವಸ್ತುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಒಂದು ಉತ್ತರವು ಮಿಶಿಗನ್ ರಾಜ್ಯದ ಫೆರಿಸ್ ವಿಶ್ವವಿದ್ಯಾಲಯದಲ್ಲಿದೆ. ಕಪ್ಪು ಜನಾಂಗದವರೇ ಆದ ಸಮಾಜಶಾಸ್ತ್ರಜ್ಞ ಡೇವಿಡ್ ಪಿಲ್‌ಗ್ರಿಮ್ ಅವರು ಬಾಲಕನಾಗಿದ್ದಾಗ ಇಂತಹ ಅಣಕದ ವಸ್ತುವೊಂದನ್ನು ಕೊಂಡು, ಮಾರಿದವನ ಎದುರಿನಲ್ಲೇ ನೆಲಕ್ಕೆ ಬಡಿದು ಒಡೆದರಂತೆ. ಮುಂದೆ ಅದೇ ಬಗೆಯ ಸಾವಿರಾರು ವಸ್ತುಗಳನ್ನು ಒಡೆಯದೆ ಸಂಗ್ರಹಿಸಿದರು. 1996ರಲ್ಲಿ ಅವನ್ನು ವಿಶ್ವವಿದ್ಯಾಲಯಕ್ಕೆ ದಾನ ಮಾಡಿದರು. ಅಲ್ಲಿಯ ವಸ್ತುಸಂಗ್ರಹಾಲಯವು ಅವನ್ನು ಅಸಹಿಷ್ಣುತೆಯ ಸಾಕ್ಷ್ಯವಾಗಿ, ವಿವರಣೆಯೊಡನೆ ಇಟ್ಟಿದೆ. ಅದೇ ವಸ್ತು ಪಾನಗೃಹದ ಗೋಡೆಯಲ್ಲಿ ನಗೆಯಾಗುತ್ತದೆ, ಇಲ್ಲಿ ಪಾಠವಾಗುತ್ತದೆ. ವ್ಯತ್ಯಾಸವಿರುವುದು ಇಡುವವನ ಭಾವದಲ್ಲಿ ಮತ್ತು ವಸ್ತುವಿನ ಪಕ್ಕದಲ್ಲಿ ಬರೆದಿಟ್ಟ ಮಾತಿನಲ್ಲಿ.

ಇದೆಲ್ಲ ಪರದೇಶದ ಗೊಡವೆ, ನಮಗೂ ಕಪ್ಪು ಜನರಿಗೂ ಏನು ಸಂಬಂಧ ಎಂದು ಕೆಲವರು ಹೇಳಬಹುದು. ನಮ್ಮ ನೆರೆಯ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರು ಶತಮಾನಗಳಿಂದ ಬಾಳುತ್ತಿದ್ದಾರೆ, ಕನ್ನಡ, ಕೊಂಕಣಿಗಳನ್ನಾಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮಣಿಪಾಲದ ಬೀದಿಗಳಲ್ಲಿಯೂ ಹೊರದೇಶಗಳ ವಿದ್ಯಾರ್ಥಿಗಳನ್ನು ನಾವು ನಿತ್ಯ ಕಾಣುತ್ತೇವೆ. ಆದರೆ ಇವರಿಗಿಂತಲೂ ಹತ್ತಿರದ ಉದಾಹರಣೆಯೊಂದಿದೆ. ನಮ್ಮ ಗಾಲಿವಾಗ್ ನಮ್ಮ ಬೀದಿಯಲ್ಲೇ ನಡೆದಾಡಿದೆ. ಅದರ ಹೆಸರು ಕೊರಗ ವೇಷ.

ಮೈಗೆಲ್ಲ ಮಸಿ, ತಲೆಗೆ ಮುಟ್ಟಾಳೆ, ಕೈಯಲ್ಲೊಂದು ಕೊಳಲು, ಅರ್ಥವಿಲ್ಲದ ಒದರಾಟ: ಅಷ್ಟಮಿ, ನವರಾತ್ರಿಗಳ ಕಾಲದಲ್ಲಿ ಅಂಗಡಿಯಿಂದ ಅಂಗಡಿಗೆ ಬಂದು ನಗಿಸಿ ಹಣ ಪಡೆಯುತ್ತಿದ್ದ ಈ ವೇಷವನ್ನು ನನ್ನ ವಯಸ್ಸಿನ ವರ್ತಕರೆಲ್ಲರೂ ಬಲ್ಲರು. ಕೊರಗರು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಸೀಮೆಯ ಮೂಲನಿವಾಸಿಗಳು. ಬುಟ್ಟಿ ಹೆಣೆಯುವ ನಿಪುಣರು. ಡೋಲು, ಕೊಳಲುಗಳ ಒಡೆಯರು. ಸರ್ಕಾರವು ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟಿನವರು. ವೇಷಧಾರಿಯು ಅವರ ಕೊಳಲನ್ನು ತೆಗೆದುಕೊಂಡನು, ರಾಗವನ್ನು ಬಿಟ್ಟನು. ಅವರ ಮಾತನ್ನು ಒದರಾಟವೆಂದು ತೋರಿಸಿದನು. ಕೊರಗರ ಸಂಘಟನೆಗಳು ಈ ವೇಷವನ್ನು ಬಹುಕಾಲದಿಂದ ವಿರೋಧಿಸುತ್ತ ಬಂದಿವೆ. ಆದರೂ 2022ರ ಜನವರಿಯಲ್ಲಿ ವಿಟ್ಲದ ಸಮೀಪದ ಸಾಲೆತ್ತೂರಿನಲ್ಲಿ ಮದುಮಗನೊಬ್ಬನು ಮುಖಕ್ಕೆ ಕಪ್ಪು ಬಳಿದು, ಮುಟ್ಟಾಳೆ ಧರಿಸಿ, ಕೊರಗಜ್ಜನನ್ನು ಹೋಲುವ ವೇಷದಲ್ಲಿ ವಧುವಿನ ಮನೆಗೆ ಹೋಗಿ ಕುಣಿದುದು ಪೊಲೀಸ್ ಮೊಕದ್ದಮೆಗೆ ಕಾರಣವಾಯಿತು. ಅಂದು ಊರೆಲ್ಲ ದೈವಕ್ಕೆ ಅಪಚಾರವಾಯಿತೆಂದು ನೊಂದಿತು. ನೋವು ಸಹಜವಾದುದೇ. ಆದರೆ ದೈವಕ್ಕಾದ ಅಪಚಾರವು ಕಂಡಷ್ಟು ಬೇಗ, ಆ ದೈವವು ಹುಟ್ಟಿದ ಕುಲದ ಜೀವಂತ ಮನುಷ್ಯರಿಗೆ ವರ್ಷ ವರ್ಷವೂ ಆಗುತ್ತಿದ್ದ ಅಪಚಾರವು ಕಾಣಲಿಲ್ಲವೇಕೆ ಎಂಬುದು ವಿಚಾರಾರ್ಹ.

ಈ ನಗೆಯ ಹಿಂದಿನ ಇತಿಹಾಸವನ್ನು ಮರೆಯಲಾಗದು. ಕರ್ನಾಟಕ ವಿಧಾನಮಂಡಲವು 2000ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ತರಬೇಕಾಯಿತು. ಕೂದಲು, ಉಗುರು ಮೊದಲಾದ ಅಭಕ್ಷ್ಯಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು ಆ ಕಾಯಿದೆಯು ಹೆಸರಿಸಿ ನಿಷೇಧಿಸಿದ ಆಚರಣೆಗಳಲ್ಲಿ ಸೇರಿವೆ. ನಮ್ಮ ಸೀಮೆಯ ಹಲವು ಕಂಬಳಗಳು ಬಂಟರ ಗುತ್ತುಗಳ ಮತ್ತು ಜೈನ ಬೀಡುಗಳ ಆಶ್ರಯದಲ್ಲಿ ನಡೆದುಬಂದವು ಎಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಭಿಮಾನದಲ್ಲಿ ಪಾಲಿರುವವರಿಗೆ ಹೊಣೆಯಲ್ಲಿಯೂ ಪಾಲಿರಬೇಕಲ್ಲವೆ? ಇರುವೆಗೂ ನೋವಾಗದಂತೆ ನೋಡಿ ನಡೆಯುವ, ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಮನೆಗಳ ಅಂಗಳದ ಆಚೆ ಇಂತಹ ಅನ್ನವು ಬಡಿಸಲ್ಪಟ್ಟಿದ್ದರೆ, ಅಹಿಂಸೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಯಾವ ಕಡೆಗೆ ಬರೆಯೋಣ?

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ವೇಷ ಕಟ್ಟುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಷ್ಟಮಿಯ ಹುಲಿವೇಷವು ಯಾವ ಜನರನ್ನೂ ಅಣಕಿಸುವುದಿಲ್ಲ. ಕಾಪು ತಾಲೂಕಿನ ಕಟಪಾಡಿಯ ರವಿ ಕಟಪಾಡಿಯವರು ಅಷ್ಟಮಿಯಂದು ವಿಚಿತ್ರ ಕಾಲ್ಪನಿಕ ಜೀವಿಗಳ ವೇಷ ಧರಿಸಿ, ರೋಗಪೀಡಿತ ಮಕ್ಕಳ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿಗಳನ್ನು ಕೂಡಿಸಿ ಕೊಟ್ಟಿರುವುದು ನಾಡಿಗೆಲ್ಲ ತಿಳಿದ ಸಂಗತಿ. ಯಾರ ತಲೆಯನ್ನೂ ತಗ್ಗಿಸದೆ ಜನರನ್ನು ರಂಜಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಎರಡನೆಯದು, ಕಪ್ಪು ಬಣ್ಣವು ದೋಷವಲ್ಲ. ಉಡುಪಿಯಲ್ಲಿ ಪೂಜೆಗೊಳ್ಳುವ ಕೃಷ್ಣನ ಹೆಸರಿನ ಅರ್ಥವೇ ಕಪ್ಪು. ನಮ್ಮ ತೀರ್ಥಂಕರರಲ್ಲಿ ಮುನಿಸುವ್ರತರೂ ನೇಮಿನಾಥರೂ ಶ್ಯಾಮವರ್ಣದವರು. 1586ರಲ್ಲಿ ಇಮ್ಮಡಿ ಭೈರರಸ ಒಡೆಯನು ಕಟ್ಟಿಸಿದ ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಅರ, ಮಲ್ಲಿ ತೀರ್ಥಂಕರರೊಡನೆ ಮುನಿಸುವ್ರತರ ಬಿಂಬವೂ ನಾಲ್ಕು ದಿಕ್ಕಿಗೂ ದರ್ಶನ ಕೊಡುತ್ತಿದೆ. ಕಪ್ಪನ್ನು ಪೂಜಿಸಬಲ್ಲ ನಾಡು ಕಪ್ಪು ಮನುಷ್ಯನನ್ನು ಕಂಡು ನಗುತ್ತದೆಯೆಂದರೆ ದೋಷವು ಬಣ್ಣದ್ದಲ್ಲ, ದೃಷ್ಟಿಯದು.

ಈ ಹಿನ್ನೆಲೆಯಲ್ಲಿ ನಮ್ಮ ಬಸದಿ, ಪಾಠಶಾಲೆಗಳ ಗೋಡೆಗಳಲ್ಲಿ ಕಾಣುವ ಚಿತ್ರವೊಂದನ್ನು ವಿಮರ್ಶೆಗೆ ತೆಗೆದುಕೊಳ್ಳುತ್ತೇನೆ. ಅದು ಷಡ್‌ಲೇಶ್ಯೆಯ ಚಿತ್ರ. ಆರು ಮಂದಿ ನೇರಳೆಯ ಮರವನ್ನು ಕಾಣುತ್ತಾರೆ. ಒಬ್ಬನು ಬುಡವನ್ನೇ ಕಡಿಯುತ್ತಾನೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ ಆಯುತ್ತಾನೆ. ಬುಡ ಕಡಿಯುವವನು ಕೃಷ್ಣಲೇಶ್ಯೆಯವನಾದುದರಿಂದ ಚಿತ್ರಗಾರನು ಅವನ ಮೈಗೆ ಕಪ್ಪು ಬಳಿಯುತ್ತಾನೆ; ಹಣ್ಣು ಆಯುವವನ ಮೈಗೆ ಬಿಳಿ. ದೊಡ್ಡವರಿಗೆ ಇದು ಸಂಕೇತವೆಂದು ತಿಳಿದಿದೆ. ಆದರೆ ಆ ಚಿತ್ರದ ಕೆಳಗೆ ಕುಳಿತು ಪಾಠ ಕಲಿಯುವ ಕಪ್ಪು ಮೈಬಣ್ಣದ ಬಾಲಕಿಯು ಏನನ್ನು ತಿಳಿಯುತ್ತಾಳೆ?

ಶಾಸ್ತ್ರವು ಚಿತ್ರಗಾರನಿಗಿಂತ ಸೂಕ್ಷ್ಮವಾಗಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ದ್ರವ್ಯಲೇಶ್ಯೆ, ಭಾವಲೇಶ್ಯೆಗಳನ್ನು ಬೇರೆ ಬೇರೆಯಾಗಿ ನಿರೂಪಿಸುತ್ತದೆ. ಶರೀರದ ಬಣ್ಣವು ದ್ರವ್ಯಲೇಶ್ಯೆ. ಅದಕ್ಕೆ ಕಾರಣ ವರ್ಣನಾಮಕರ್ಮ. ಕಷಾಯದಿಂದ ಬಣ್ಣಗೊಂಡ ಆತ್ಮದ ಪ್ರವೃತ್ತಿಯು ಭಾವಲೇಶ್ಯೆ. ಮನುಷ್ಯರಲ್ಲಿ ಮೊದಲನೆಯದು ಎರಡನೆಯದನ್ನು ನಿರ್ಧರಿಸುವುದಿಲ್ಲ. ಕಪ್ಪು ಮೈಯವನಲ್ಲಿ ಶುಕ್ಲಲೇಶ್ಯೆ ಇರಬಹುದು, ಬೆಳ್ಳಗಿನ ಮೈಯವನು ಕೃಷ್ಣಲೇಶ್ಯೆಯಲ್ಲಿ ಮುಳುಗಿರಬಹುದು. ಆದ್ದರಿಂದ ಭಾವವನ್ನು ಮೈಬಣ್ಣವಾಗಿ ಬರೆದ ಚಿತ್ರವು ಕೇವಲ ಮೃದುಮನಸ್ಸಿನವರಿಗೆ ನೋವುಂಟುಮಾಡುವುದಲ್ಲ. ಸಿದ್ಧಾಂತವನ್ನೇ ತಪ್ಪಾಗಿ ಹೇಳುತ್ತದೆ. ಹಳೆಯ ಚಿತ್ರಗಳನ್ನು ಅಳಿಸಬೇಕೆಂದು ನಾನು ಹೇಳಲಾರೆ. ಅವುಗಳ ಪಕ್ಕದಲ್ಲಿ ನಾಲ್ಕು ಸಾಲಿನ ವಿವರಣೆಯನ್ನು ಬರೆಸಬಹುದು. ಹೊಸದಾಗಿ ಬರೆಸುವಾಗ ಬಣ್ಣವನ್ನು ಮೈಗೆ ಬಳಿಯದೆ, ಆರು ಮಂದಿಯ ಸುತ್ತಲಿನ ಪ್ರಭೆಗೋ ಉಡುಗೆಗೋ ಬಳಿಯಲಿ. ಚಿತ್ರವು ಕೆಡುವುದಿಲ್ಲ, ತತ್ತ್ವವು ಉಳಿಯುತ್ತದೆ.

ಹೊಸ ಮನೆಯ ಮುಂದೆ ಕಟ್ಟುವ ದೃಷ್ಟಿಗೊಂಬೆಯ ವಿಚಾರವೂ ಇದಕ್ಕೆ ಸಮೀಪದ್ದು. ಕೋರೆಹಲ್ಲು, ಹೊರಚಾಚಿದ ನಾಲಗೆಯ ಆ ಮುಖವು ರಾಕ್ಷಸನದು, ಯಾವ ಜನರ ಚಿತ್ರವೂ ಅಲ್ಲ. ಅದನ್ನು ಕೊರಗ ವೇಷದೊಡನೆ ಸಮೀಕರಿಸುವುದು ಅತಿಯಾದೀತು. ಆದರೆ ಹೆದರಿಸಬೇಕಾದ ಮುಖವೆಂದರೆ ಕಪ್ಪು, ಮುದ್ದಿಸಬೇಕಾದ ಗೊಂಬೆಯೆಂದರೆ ಗುಲಾಬಿ ಮೈಯ ಹೊಂಗೂದಲಿನದು ಎಂಬ ವಿಂಗಡಣೆಯು ನಮ್ಮ ಅಂಗಡಿಗಳಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದನ್ನು ಗಮನಿಸಬೇಕು. ಮೈ ಬೆಳ್ಳಗಾಗಿಸುವ ಮುಲಾಮಿನ ತಯಾರಕರು 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಿಂದ ‘ಫೇರ್’ ಪದವನ್ನು ತೆಗೆದು ‘ಗ್ಲೋ’ ಎಂದಿಟ್ಟರು. ಹೆಸರು ಬದಲಾಯಿತು. ಸಮಾಜದ ಪತ್ರಿಕೆಗಳ ವಧೂವರ ಅಂಕಣಗಳಲ್ಲಿ ‘ಗೌರವರ್ಣದ ಕನ್ಯೆ’ ಬದಲಾದಳೆ? ಕ್ಲಾರ್ಕ್ ದಂಪತಿಗಳ ಎದುರಿನಲ್ಲಿ ಅತ್ತ ಮಗುವು ಅಮೆರಿಕದಲ್ಲಿ ಮಾತ್ರ ಇದೆಯೆಂದು ತಿಳಿಯುವುದು ಬೇಡ.

ಸಂಗ್ರಾಹಕರಿಗೆ ಮರಳೋಣ. ಸಂಗ್ರಹವು ಪರಿಗ್ರಹವಲ್ಲವೆ ಎಂದು ಕೇಳಬಹುದು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಎಣಿಕೆಯಲ್ಲಿ ಕಾಣಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಕಂಡರು. ‘ಅಪೂರ್ವ ವಸ್ತು ನನ್ನಲ್ಲಿ ಮಾತ್ರ ಇದೆ’ ಎಂಬ ಹಿಗ್ಗಿನಿಂದ ಇಟ್ಟ ಒಂದೇ ಗೊಂಬೆಯೂ ಪರಿಗ್ರಹ. ಜನರ ತಿಳಿವಿಗಾಗಿ ಇಟ್ಟು, ತಕ್ಕ ಸಂಸ್ಥೆಗೆ ಒಪ್ಪಿಸಲು ಸಿದ್ಧನಾಗಿರುವವನ ಸಾವಿರ ಗೊಂಬೆಗಳೂ ಒಂದು ಬಗೆಯ ಶಾಸ್ತ್ರದಾನ. ಅಣಕದ ವಸ್ತುವನ್ನು ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತ. ಇದನ್ನು ಯಾರು, ಯಾರ ಸಂತೋಷಕ್ಕಾಗಿ ಮಾಡಿದರು? ಇದರ ಕಥೆಯನ್ನು ಬರೆದಿಡಬಲ್ಲೆನೆ? ಇದು ಯಾರ ರೂಪವೋ ಅವರು ನನ್ನ ಮನೆಗೆ ಅತಿಥಿಯಾಗಿ ಬಂದರೆ, ಇದನ್ನು ಒಳಗೆ ಬಚ್ಚಿಡದೆ ಅವರೊಡನೆ ಇದರ ಮುಂದೆ ನಿಲ್ಲಬಲ್ಲೆನೆ? ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಆ ವಸ್ತುವು ಚಾವಡಿಯ ಅಲಂಕಾರಕ್ಕೆ ಯೋಗ್ಯವಲ್ಲ. ಅದರ ಸ್ಥಳ ವಿವರಣೆಯುಳ್ಳ ಸಂಗ್ರಹಾಲಯ.

ಟ್ರಸ್ಟುಗಳ ಕರ್ತವ್ಯ ಇನ್ನೂ ಸರಳವಾದುದು. ನಮ್ಮ ಶಾಲೆಗಳಲ್ಲಿಯೂ ಉತ್ಸವಗಳಲ್ಲಿಯೂ ನಡೆಯುವ ಛದ್ಮವೇಷ ಸ್ಪರ್ಧೆಗಳಲ್ಲಿ ಮಗುವಿನ ಮೈಗೆ ಮಸಿ ಬಳಿದು, ಸೊಪ್ಪು ಕಟ್ಟಿ ‘ಆದಿವಾಸಿ’ಯೆಂದೋ ‘ಕೊರಗ’ನೆಂದೋ ವೇದಿಕೆಗೆ ಕಳುಹಿಸುವುದು ನಿಲ್ಲಲಿ, ಅದಕ್ಕೆ ಬಹುಮಾನ ಕೊಡುವುದು ಮೊದಲು ನಿಲ್ಲಲಿ. ಪರಂಪರೆಯ ಕೋಣೆಯಲ್ಲಿ ಕೊರಗರನ್ನು ಕುರಿತು ಏನನ್ನಾದರೂ ಇಡುವುದಾದರೆ, ಅವರ ಬುಟ್ಟಿಯನ್ನೂ ಡೋಲನ್ನೂ ತಕ್ಕ ಬೆಲೆ ಕೊಟ್ಟು ಅವರಿಂದಲೇ ಕೊಂಡು, ವಿವರಣೆಯನ್ನು ಅವರಿಂದಲೇ ಬರೆಸಲಿ. ಬರೆದವರ ಹೆಸರು ಕೆಳಗಿರಲಿ. ಆ ಕೋಣೆಯ ಉದ್ಘಾಟನೆಯ ದಿನ ಅವರು ಚಪ್ಪರದ ಹೊರಗೆ ಡೋಲು ಬಾರಿಸುತ್ತ ನಿಲ್ಲದೆ, ಮುಂದಿನ ಸಾಲಿನಲ್ಲಿ ಕುಳಿತಿರಲಿ. ಊಟವನ್ನೂ ನಮ್ಮ ಪಂಕ್ತಿಯಲ್ಲಿಯೇ ಮಾಡಲಿ.